ಅಕ್ಕನ ಪಾಲಿನ ಹಾಲು

ನಮ್ಮ ಸೋದರಮಾವ ಮದುವೆಯಿಲ್ಲದೆ ಉಳಿದದ್ದಕ್ಕೆ ಒಂದು ಎಮ್ಮೆಯೇ ಕಾರಣ ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಕೇಳುವುದಕ್ಕೇನು ಕಷ್ಟ? ಹರೆಯದಲ್ಲಿ ಒಮ್ಮೆ ಅವರು ಸಿದ್ದಾಪುರದ ಕಡೆ ಹೆಣ್ಣು ನೋಡಲು ಹೋಗಿದ್ದರು. ಒಳಗೆ ಹುಡುಗಿ ಹೊಸ ಸೀರೆಯುಟ್ಟು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಳೆ. ಹೊರಗೆ ನೋಡಿದರೆ ಗಂಡೇ ನಾಪತ್ತೆ! ಹುಡುಕಿದಾಗ ಸಿಕ್ಕಿದ್ದು ಹಿತ್ತಿಲ ಕೊಟ್ಟಿಗೆಯಲ್ಲಿ, ಆ ಮನೆಯ ಎಮ್ಮೆಯ ಬೆನ್ನು ಸವರುತ್ತ. ಊರಿಗೆ ಮರಳಿದ ಮೇಲೆ ನಮ್ಮಜ್ಜಿ, ಹೆಣ್ಣು ತೋರಿಸಿದ ದಲ್ಲಾಳಿಯ ಎದುರಿಗೇ, "ಹೆಂಗೈತಪ್ಪಾ? ಮನಸಿಗೆ ಬಂತಾ?" ಎಂದು ಕೇಳಿದಳು. ಮಾವ ಸ್ವಲ್ಪ ಯೋಚಿಸಿ ಹೇಳಿದರು: "ಮೈಬಣ್ಣ ಚೆನ್ನಾಗೈತವ್ವ. ಕೊಂಬು ಮಾತ್ರ ಒಂಚೂರು ಸೊಟ್ಟ."

ದಲ್ಲಾಳಿ ಕಾಫಿಯನ್ನೂ ಕುಡಿಯದೆ ಎದ್ದು ಹೋದನಂತೆ.

ಈ ಕಥೆಯನ್ನು ನನಗಿಂತ ಎಷ್ಟೋ ಚೆನ್ನಾಗಿ ಹೇಳುತ್ತಿದ್ದವಳು ನನ್ನ ಅವ್ವ. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದಳು. ಈಗ ಅವಳಿಲ್ಲ. ಆದ್ದರಿಂದ ನಾನು ಹೇಳಬೇಕಾಗಿ ಬಂದಿದೆ. ನಗು ಅಷ್ಟು ಸಲೀಸಾಗಿ ಬರುತ್ತಿಲ್ಲ.

ಮಾವನ ಊರು ಬಿ.ಜಿ. ಕೆರೆಯ ಪಕ್ಕದ ಒಂದು ಸಣ್ಣ ಹಳ್ಳಿ. ಅವರಿಗೆ ಒಬ್ಬಳು ಅಕ್ಕ, ಅಂದರೆ ನನ್ನ ಅವ್ವ. ಚಳ್ಳಕೆರೆಯಲ್ಲಿ ನನ್ನ ಜೊತೆ ಇದ್ದಳು. ಒಬ್ಬಳು ತಂಗಿ, ನನ್ನ ಚಿಕ್ಕವ್ವ; ಮೊಳಕಾಲ್ಮುರಿನಲ್ಲಿ ಸೀರೆ ನೇಯುವವರ ಮನೆ ಸೊಸೆ. ಅಜ್ಜಿ ತೀರಿಕೊಂಡಾಗ ಮೂವರೂ ಕುಳಿತು ಪಾತ್ರೆ ಪಗಡ, ಓಲೆ, ಒಂದಿಷ್ಟು ಹೊಲ ಎಲ್ಲವನ್ನೂ ಒಂದೇ ಒಂದು ಏರುಮಾತಿಲ್ಲದೆ ಹಂಚಿಕೊಂಡರು. ಕೊನೆಗೆ ಉಳಿದದ್ದು ಅಜ್ಜಿಯ ಹಸು. ಮಾರೋಣವೆಂದರೆ ಮೂವರಿಗೂ ಮನಸ್ಸಿಲ್ಲ. ಒಬ್ಬರಿಗೇ ಕೊಡೋಣವೆಂದರೆ ಮಿಕ್ಕ ಇಬ್ಬರಿಗೆ ಮನಸ್ಸಿಲ್ಲ!

ಆಗ ಮಾವ ಎದ್ದು ಕೊಟ್ಟಿಗೆಗೆ ಹೋಗಿ, ಹಸುವಿನ ಕೆಳಗೆ ಬಗ್ಗಿ ನೋಡಿ ಬಂದು ತೀರ್ಪು ಕೊಟ್ಟರು. "ಮೊಲೆ ನಾಕು ಅವೆ. ನಾವು ಮೂರು ಜನ. ಹಿಂದಿನ ಬಲಗಡೇದು ಅಕ್ಕಂದು, ಎಡಗಡೇದು ತಂಗೀದು. ಮುಂದಿನ ಬಲಗಡೇದು ನಂದು."

"ಇನ್ನೊಂದು?" ಎಂದಳು ಚಿಕ್ಕವ್ವ.

"ಅದು ಕರೂಂದು. ಅದಕ್ಕೆ ಅವ್ವನ ಆಸ್ತೀಲಿ ಪಾಲಿಲ್ವಾ?"

ಹಿಂದಿನ ಮೊಲೆಗಳಲ್ಲಿ ಹಾಲು ಹೆಚ್ಚು ಎನ್ನುವುದು ಹಸು ಸಾಕಿದವರಿಗೆಲ್ಲ ಗೊತ್ತು. ಅವೆರಡನ್ನೂ ಅಕ್ಕ ತಂಗಿಗೆ ಕೊಟ್ಟು ಮಾವ ಮುಂದಿನದನ್ನು ಇಟ್ಟುಕೊಂಡಿದ್ದರು. ಆದರೆ ಕರುವಿಗೆ ಈ ತೀರ್ಪು ತಿಳಿಯಬೇಕಲ್ಲ? ಅದು ತನ್ನದನ್ನು ಕುಡಿದು ಮುಗಿಸಿ, ನೇರವಾಗಿ ಮಾವನ ಪಾಲಿಗೇ ಬಾಯಿ ಹಾಕುತ್ತಿತ್ತು. "ಕುಡೀಲಿ ಬಿಡು, ಪಕ್ಕದ ಹೊಲದೋನು ಒತ್ತುವರಿ ಮಾಡಲ್ವಾ? ಹಂಗೇ ಇದೂ" ಎನ್ನುತ್ತಿದ್ದರು ಮಾವ.

ಹಸುವೇನು ಬಿಂದಿಗೆ ತುಂಬ ಕರೆಯುತ್ತಿತ್ತೇ? ಅದರ ಪೂರ್ವಿಕರು ಹಿಂದೆ ಅರಸರ ದನ ಮೇಯುತ್ತಿದ್ದ ವರವು ಕಾವಲಿನ ಹುಲ್ಲು ಮೇಯ್ದವರು. ಕೊಂಬು ಈಟಿಯಂತೆ, ಕಾಲು ಕುದುರೆಯಂತೆ, ಸಿಟ್ಟು ನಮ್ಮಜ್ಜಿಯಂತೆ. ಹಾಲು ಮಾತ್ರ ಅಷ್ಟಕ್ಕಷ್ಟೆ! ಅವ್ವನ ಪಾಲಿಗೆ ಬರುತ್ತಿದ್ದದ್ದು ಒಂದು ಚೊಂಬು. ಆ ಒಂದು ಚೊಂಬು ಹಾಲನ್ನು ಸ್ಟೀಲ್ ಕ್ಯಾನಿಗೆ ಸುರಿದು, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಕಟ್ಟಿ, ಮಾವ ಬೆಳಗಿನ ಬಸ್ಸು ಹತ್ತುತ್ತಿದ್ದರು. ಒಂದು ದಿನ ಚಳ್ಳಕೆರೆ ದಿಕ್ಕು, ಮರುದಿನ ಮೊಳಕಾಲ್ಮುರು ದಿಕ್ಕು. ತಪ್ಪಿದ ದಿನದ ಪಾಲು ಮೊಸರಾಗಿ ಬರುತ್ತಿತ್ತು.

ಬಸ್ಸಿನಲ್ಲಿ ಅವರನ್ನು ಗುರುತಿಸದವರಿಲ್ಲ. ಒಂದು ಸಲ ನಾನೂ ಜೊತೆಗಿದ್ದೆ. ಕಂಡಕ್ಟರ್ ತಮಾಷೆಗೆ, "ಯಜಮಾನ್ರೇ, ಚಳ್ಳಕೆರೇಲಿ ಹಾಲಿನ ಪಾಕೀಟು ಸಿಗಲ್ವೇನ್ರಿ? ಅಲ್ಲೇ ಇಳಿದು ಒಂದು ತಗಂಡು ಕೊಟ್ರೆ ಆತಪ್ಪಾ" ಎಂದ.

ಮಾವ ಕ್ಯಾನನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ನಿಮ್ಮವ್ವಂಗೆ ಮೈ ಹುಷಾರಿಲ್ಲ ಅಂತ ಫೋನ್ ಬಂದ್ರೆ, ದಾರೀಲಿ ಯಾರದೋ ಅವ್ವನ್ನ ಮಾತಾಡಿಸ್ಕಂಡು ವಾಪಸ್ ಬರ್ತೀಯೇನಪ್ಪಾ?" ಎಂದರು. ಇಡೀ ಬಸ್ಸು ನಕ್ಕಿತು. ಅಂದಿನಿಂದ ಆ ಕಂಡಕ್ಟರ್ ಹಾಲಿಗೆಂದು ಕಿಟಕಿ ಪಕ್ಕದ ಸೀಟು ಬಿಡಿಸಿಕೊಡುತ್ತಿದ್ದ!

ನಮ್ಮ ಮನೆಗೆ ಬಂದರೆ ಇನ್ನೊಂದು ಪರೀಕ್ಷೆ. ಹಾಲನ್ನು ಕಾಯಿಸುವಂತಿಲ್ಲ. "ಒಲೆ ಮೇಲಿಟ್ಟ್ರೆ ಹಾಲು ಸತ್ತೋಗುತ್ತೆ" ಎನ್ನುವುದು ಅವರ ವಾದ. ಹಸಿ ಹಾಲಿನಲ್ಲಿ ಕ್ರಿಮಿ ಇರುತ್ತವೆ, ಜ್ವರ ಬರುತ್ತದೆ ಎಂದು ನಾನು ಹೊಲಿಗೆ ಮಿಷನ್ನಿನ ಮುಂದೆ ಕುಳಿತೇ ಪಾಠ ಹೇಳುತ್ತಿದ್ದೆ. "ನೀನು ಬಟ್ಟೆ ನೋಡವ್ವಾ, ನಾನು ಹಸು ನೋಡ್ಕಂತೀನಿ" ಎಂದು ಅವರು ಅವ್ವನ ಎದುರು ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಅವಳು ಕುಡಿದು, ಮೂಗಿನ ತುದಿಗೆ ಅಂಟಿದ ನೊರೆ ಒರೆಸಿಕೊಳ್ಳುವವರೆಗೂ ಏಳುವವರಲ್ಲ.

"ಲೇ, ನಿನ್ನೆ ಶೇಂಗಾ ಬಳ್ಳಿ ಹಾಕಿದ್ದೇನೋ?" ಎನ್ನುತ್ತಿದ್ದಳು ಅವ್ವ.

"ಹೂಂ ಕಣಕ್ಕಾ! ಹೆಂಗ್ ಗೊತ್ತಾತು?"

"ವಾಸ್ನೆ ಹೇಳ್ತೈತೆ."

ನಮ್ಮ ಸೀಮೆಯಲ್ಲಿ ಶೇಂಗಾ ಬಳ್ಳಿ ಹಾಕದ ಮನೆ ಯಾವುದಿದೆ ಹೇಳಿ! ಆದರೂ ಮಾವನ ಮುಖ ದೀಪ ಹಚ್ಚಿದ ಹಾಗೆ ಬೆಳಗುತ್ತಿತ್ತು.

ಒಂದು ಸಲ ಹಸುವಿನ ಕೆಚ್ಚಲಿಗೆ ಬಾವು ಬಂತು. ಬಂದದ್ದು ಹಿಂದಿನ ಎಡಗಡೆ, ಚಿಕ್ಕವ್ವನ ಪಾಲಿಗೆ. ದನದ ಡಾಕ್ಟರು ಬಂದು ಸೂಜಿ ಹಾಕಿ, "ನಾನು ಹೇಳೋವರೆಗೆ ಈ ಹಸೂಂದು ಹಾಲು ಯಾರೂ ಕುಡೀಬೇಡಿ" ಎಂದರು.

"ಬಾವು ಬಂದಿರೋದು ನಮ್ ತಂಗಿ ಪಾಲಿಗೆ ಡಾಕ್ಟ್ರೇ. ಅಕ್ಕನ ಪಾಲಿಗೆ ಯಾಕೆ ಕಲ್ಲು ಹಾಕ್ತೀರಿ?"

ಡಾಕ್ಟರು ಒಮ್ಮೆ ಹಸುವನ್ನು, ಒಮ್ಮೆ ಮಾವನನ್ನು ನೋಡಿ, "ಹಸು ಒಂದೇ ಅಲ್ವೇನ್ರಿ?" ಎಂದರು.

ಬಾವೇನೋ ಇಳಿಯಿತು, ಆ ಮೊಲೆಯ ಹಾಲು ಮಾತ್ರ ಮೊದಲಿನಷ್ಟು ಬರಲಿಲ್ಲ. ಮೊಳಕಾಲ್ಮುರಿನಿಂದ ಚಿಕ್ಕವ್ವ ಧಾವಿಸಿ ಬಂದಳು. ಅವಳಿಗೆ ಸಿಟ್ಟು ಬಂದರೆ ಕನ್ನಡ ಸಾಲದೆ ತೆಲುಗೂ ಬರುತ್ತದೆ. "ಏಮಣ್ಣಾ ಇದಿ! ನನ್ನ ಪಾಲೇ ಯಾಕೆ ಕಮ್ಮಿ ಆಗ್ಬೇಕು? ಅನ್ಯಾಯಂ ಕಾದಾ?" ಎಂದು ಕೊಟ್ಟಿಗೆಯಲ್ಲೇ ನಿಂತು ಕೂಗಾಡಿದಳು. ಮರುದಿನದಿಂದ ಮಾವ ತಮ್ಮ ಮುಂದಿನ ಬಲಗಡೆಯದನ್ನೂ ಅವಳ ಕ್ಯಾನಿಗೆ ಸೇರಿಸಿದರು. ಹಸಿ ಹಾಲೇ ಅಮೃತವೆಂದು ಊರಿಗೆಲ್ಲ ಸಾರುತ್ತಿದ್ದ ಮನುಷ್ಯ ಆಮೇಲೆ ಕುಡಿದದ್ದು ಬೆಲ್ಲದ ಕರಿ ಚಹಾ.

ಹೀಗೇ ನಡೆಯುತ್ತಿತ್ತು. ಆಮೇಲೆ ಅವ್ವನ ಕಾಲು ಊದಿಕೊಂಡವು.

ಮೊದಲು ನಡೆದು ದಣಿದದ್ದಕ್ಕೆ ಎಂದುಕೊಂಡೆವು. ಮುಖವೂ ಊದಿದಾಗ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಎರಡೂ ಕಿಡ್ನಿ ಸೋತಿವೆ ಎಂದರು. ಉಪ್ಪು ಕಡಿಮೆ, ನೀರು ಅಳತೆ, ಹಾಲು ಬೇಡ. ಹಸಿ ಹಾಲನ್ನಂತೂ ಮುಟ್ಟಲೇಬಾರದು. ಬರುವ ದಾರಿಯಲ್ಲಿ ಅವ್ವ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಿದ್ದಳು. ತನ್ನ ಬಗ್ಗೆ ಯೋಚಿಸುತ್ತಿದ್ದಾಳೆ ಎಂದುಕೊಂಡೆ. ಅವಳು ತಿರುಗಿ ಹೇಳಿದ್ದು ಇಷ್ಟೆ: "ನಿಮ್ಮಾವಂಗೆ ಹೇಳ್ಬ್ಯಾಡ. ಅವನಿಗೆ ಇನ್ನೇನೈತೆ?"

ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ನಾಟಕ ಶುರುವಾಯಿತು. ಮಾವ ಹಾಲು ತಂದರೆ ಅವ್ವ, "ಈಗಷ್ಟೇ ಉಂಡೆ ಕಣೋ, ಆಮ್ಯಾಕೆ ಕುಡೀತೀನಿ" ಎಂದು ಕ್ಯಾನನ್ನು ಪಕ್ಕಕ್ಕಿಡುವಳು. ಅವರು ಬಸ್ಸಿಗೆ ಹೊರಟ ಮೇಲೆ ಹಾಲು ಗೋಡೆಯಾಚೆ ಹೋಗುತ್ತಿತ್ತು. ಅಲ್ಲಿ ಲಾರಿ ಮೆಕ್ಯಾನಿಕ್ ಸಾಬರ ಮನೆ. ಅವರ ಹೆಂಡತಿಯನ್ನು ನಾವು ಖಾಲಾ ಎನ್ನುತ್ತೇವೆ. ಖಾಲಾ ಆ ಹಾಲನ್ನು ಚೆನ್ನಾಗಿ ಕಾಯಿಸಿ ಖೀರು ಮಾಡುತ್ತಿದ್ದರು.

ನಾಟಕ ಎಷ್ಟು ದಿನ ನಡೆದೀತು? ಒಂದು ಬೆಳಿಗ್ಗೆ ಮಾವ ನಮ್ಮ ಬಾಗಿಲಿಗೆ ಬರುವಾಗ ಖಾಲಾ ಎದುರಾದರು. ಪಾಪ, ಅವರಿಗೆ ನಾಟಕದ ವಿಷಯವನ್ನು ಯಾರೂ ಹೇಳಿರಲಿಲ್ಲ! "ಭಾಯ್, ನಿಮ್ದು ಹಾಲು ಏನ್ ಹಾಲು! ಖೀರ್ ಮಾಡಿದ್ರೆ ನಮ್ಮನೆಯೋರು ಪಾತ್ರೆ ತೊಳೆಯಕ್ಕೇ ಬಿಡಲ್ಲ, ಹಂಗೇ ಬಳ್ಕಂಡು ತಿಂತಾರೆ!" ಎಂದು ಮನಸ್ಸು ತುಂಬಿ ಹೊಗಳಿದರು.

ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಿದೆ. ಮಾವ ಒಳಗೆ ಬಂದು ಅವ್ವನ ಮುಂದೆ ಕುಳಿತರು. ಕ್ಯಾನು ಕೈಯಲ್ಲೇ ಇತ್ತು.

"ಯಾವಾಗಿಂದ ಅಕ್ಕಾ?"

"ಡಾಕ್ಟ್ರು ಬ್ಯಾಡ ಅಂದಾರೆ ಕಣೋ. ನೀನು ನೊಂದ್ಕಂತೀಯಾ ಅಂತ…"

ಅವರು ರೇಗುತ್ತಾರೆ, ಡಾಕ್ಟರಿಗೆ ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಮಾವ ಅವ್ವನ ಊದಿದ ಪಾದವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಒತ್ತಿದ ಜಾಗ ಕುಳಿ ಬಿದ್ದು ಹಾಗೆಯೇ ಉಳಿಯಿತು. ಅದನ್ನು ನೋಡುತ್ತಲೇ ಇದ್ದರು. ಆಮೇಲೆ ಎದ್ದು, ಕ್ಯಾನನ್ನು ತಾವೇ ಒಯ್ದು ಖಾಲಾಗೆ ಕೊಟ್ಟು, ಹೇಳದೆ ಹೊರಟುಹೋದರು.

ಇನ್ನು ಬರುವುದಿಲ್ಲ ಎಂದುಕೊಂಡೆವು. ಮರುದಿನ ಮೊಳಕಾಲ್ಮುರಿನ ಸರದಿ; ಆದರೂ ಬೆಳಗಿನ ಬಸ್ಸಿಗೆ ನಮ್ಮಲ್ಲಿಗೇ ಬಂದರು, ಹಾಲಿನ ಕ್ಯಾನಿನೊಂದಿಗೆ!

"ಮತ್ತೆ ಯಾಕೆ ತಂದ್ಯೋ?" ಎಂದಳು ಅವ್ವ.

"ನೀನು ಕುಡೀಬ್ಯಾಡ. ನೋಡು. ನೋಡ್ಬ್ಯಾಡ ಅಂತ ಡಾಕ್ಟ್ರು ಹೇಳಿಲ್ವಲ್ಲ?"

ಆಮೇಲೆ ದಿನವೂ ಬಂದರು. ಚಿಕ್ಕವ್ವ ತಾನಾಗಿಯೇ ಫೋನು ಮಾಡಿ, "ನನ್ನ ಪಾಲು ಇರ್ಲಿ ಅಣ್ಣಾ, ನೀನು ಅಕ್ಕನ ಹತ್ರ ಹೋಗು" ಎಂದಿದ್ದಳು. ಮಾವ ಮುಚ್ಚಳ ತೆಗೆದು ಕ್ಯಾನನ್ನು ಅವ್ವನ ಮೂಗಿನ ಹತ್ತಿರ ಹಿಡಿಯುವರು. ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡು, "ಇವತ್ತು ಜೋಳದ ಸೊಪ್ಪೆ" ಎನ್ನುವಳು. ಅವರು ಹೂಂ ಎನ್ನುವರು. ಬರಬರುತ್ತ ಅವಳಿಗೆ ಮಾತೂ ಆಯಾಸವಾಯಿತು. ಆಗ ಮಾವನೇ ಹಸು ಹಿಂದಿನ ದಿನ ಎಲ್ಲಿ ಮೇಯಿತು, ಯಾರನ್ನು ಹಾಯಲು ಹೋಯಿತು ಎಂದೆಲ್ಲ ಹೇಳುತ್ತಿದ್ದರು. ಅವಳು ರೆಪ್ಪೆಯಲ್ಲೇ ಹೂಂಗುಟ್ಟುತ್ತಿದ್ದಳು.

ಅವ್ವ ಹೋದದ್ದು ಒಂದು ಬೆಳಿಗ್ಗೆ, ಮಾವ ಬಸ್ಸಿನಲ್ಲಿದ್ದಾಗ. ಫೋನು ಮಾಡಲು ನನಗೆ ಕೈ ಬರಲಿಲ್ಲ. ಬಾಗಿಲಲ್ಲಿ ಖಾಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಕಂಡೇ ಅವರಿಗೆ ತಿಳಿಯಿತು. ಒಳಗೆ ಬಂದು ಅಕ್ಕನ ತಲೆಯ ಹತ್ತಿರ ಕ್ಯಾನಿಟ್ಟು, ಗೋಡೆಗೆ ಒರಗಿ ಕುಳಿತರು. ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಅಳಲಿಲ್ಲ. "ಕರೆಯೋ ಹೊತ್ತಾತು, ಕೆಚ್ಚಲು ಬಿಗಿದಿರುತ್ತೆ" ಎಂದು ಸಂಜೆ ಬಸ್ಸು ಹತ್ತಿದಾಗ ನೆಂಟರೆಲ್ಲ ಕಿವಿ ಕಚ್ಚಿಕೊಂಡರು. ಒಡಹುಟ್ಟಿದವಳ ಮಣ್ಣು ಇನ್ನೂ ಹಸಿಯಾಗಿದೆ, ಇವನಿಗೆ ಹಸುವಿನ ಚಿಂತೆ ನೋಡಿ!

ಹಾಲು ತುಪ್ಪ ಬಿಡುವ ದಿನ ಮಾವ ಹಾಲು ತಂದರು. ಸಮಾಧಿಗೆ ಬಿಡಲು ಇಷ್ಟು ಸಾಲದು, ಪಾಕೀಟಿನ ಹಾಲು ಬೆರೆಸೋಣ ಎಂದರು ಹಿರಿಯರೊಬ್ಬರು. ಮಾವ ಕ್ಯಾನಿಗೆ ಎರಡೂ ಕೈ ಅಡ್ಡ ಹಿಡಿದರು.

"ಬೆರೆಸ್ಬ್ಯಾಡ್ರಿ. ಇದು ಅವಳದ್ದೇ. ಇವತ್ತು ಯಾವ ಡಾಕ್ಟ್ರೂ ಬ್ಯಾಡ ಅನ್ನಲ್ಲ."

ಅವರು ಮೊಣಕಾಲೂರಿ ಕುಳಿತು, ನಿಧಾನವಾಗಿ ಬಿಟ್ಟರು. ಒಣಮಣ್ಣು ಹಾಲನ್ನು ಒಂದೇ ಗುಟುಕಿಗೆ ಎಳೆದುಕೊಂಡಿತು. ಚಿಕ್ಕವ್ವ ನನ್ನ ಭುಜ ಗಟ್ಟಿಯಾಗಿ ಹಿಡಿದು ಅತ್ತಳು.

ಮನೆಗೆ ಬಂದು ಎಲ್ಲರೂ ಊಟಕ್ಕೆ ಕುಳಿತರು. ಮಾವ ಮಾತ್ರ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತವರು ಏಳಲೊಲ್ಲರು. ನೆಂಟರು ಕರೆದರು, ಖಾಲಾ ಕರೆದರು, ಚಿಕ್ಕವ್ವ "ಏಳಣ್ಣಾ" ಎಂದು ಕೈ ಹಿಡಿದು ಎಳೆದಳು. ಕೊನೆಗೆ ನಾನು ಹೋದೆ.

"ಮಾವ, ಬನ್ರಿ. ಒಂದು ತುತ್ತು ಉಣ್ರಿ."

ಅವರು ತಲೆಯೆತ್ತದೆ ಹೇಳಿದರು: "ಬನ್ರಿ, ಏಳ್ರಿ, ಉಣ್ರಿ… ಎಲ್ರೂ ಎಷ್ಟು ಮರ್ಯಾದೆ ಕೊಡ್ತೀರವ್ವಾ! ನನ್ನ 'ಲೇ' ಅನ್ನೋಳು ಅವಳೊಬ್ಳೇ ಉಳಿದಿದ್ಲು. ಇನ್ ಮ್ಯಾಲೆ ಯಾರೈದಾರೆ?"

ಅಲ್ಲಿ ಅವರು ಅತ್ತರು. ಅರವತ್ತು ದಾಟಿದ ಮನುಷ್ಯ, ಪಂಚೆಯ ತುದಿಯನ್ನು ಮುಖಕ್ಕೊತ್ತಿಕೊಂಡು, ಸದ್ದಿಲ್ಲದೆ ಅತ್ತರು.

ನಮ್ಮ ಮನೆಯಲ್ಲಿ ಸೋದರಮಾವನನ್ನು ಏಕವಚನದಲ್ಲಿ ಕರೆದರೆ ಹಲ್ಲು ಉದುರುತ್ತವೆ ಎಂದು ಹೇಳಿ ಬೆಳೆಸಿದ್ದಾರೆ. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಲೇ! ಏಳೋ ಮ್ಯಾಕೆ. ಅನ್ನ ಆರೋಗ್ತೈತೆ. ಎಷ್ಟು ಸಲ ಕರೀಬೇಕೋ ನಿನ್ನ?"

ಮಾವ ಬೆಚ್ಚಿ ನನ್ನ ಮುಖ ನೋಡಿದರು. ಆಮೇಲೆ ಗಡಬಡಿಸಿ ಎದ್ದು ಪಂಚೆ ಕೊಡವಿಕೊಂಡು, "ಬಂದೆ, ಬಂದೆ ಕಣಕ್ಕಾ" ಎನ್ನುತ್ತ ಕೈಕಾಲು ತೊಳೆಯಲು ಹೋದರು.