ಗಿಳಿಯ ಕೊಕ್ಕು ಮತ್ತು ಮಾಮಾನ ಮೂರು ಪ್ರಶ್ನೆ

ಇನ್ನೂ ಹುಡುಗಿಯನ್ನೇ ನೋಡಿರದ ನನಗೆ, ಎಲ್ಲಿದೆಯೆಂದೂ ಗೊತ್ತಿಲ್ಲದ ದೇಶವೊಂದರಿಂದ ಮದುವೆಯ ಶುಭಾಶಯ ಬಂದಿತ್ತು. ಅದು ನನ್ನ ಪೆದ್ದತನದ ಫಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಅದರಲ್ಲಿ ಅರ್ಧ ಪಾಲು ನನ್ನ ಸೋದರಮಾವನಿಗೂ ಸಲ್ಲಬೇಕು. ತಪ್ಪು ಕಂಡರೆ ನಮ್ಮ ನಿಮ್ಮ ಮುಖ ಗಂಟಿಕ್ಕುತ್ತದೆ. ಮಾಮಾನ ಮುಖ ಅರಳುತ್ತದೆ.

ಬೆಳಗಾವಿಯ ಶಹಾಪುರದ ಮಗ್ಗದವರಿಗೆ ಸೀರೆಯಂಚಿನ ಡಿಸೈನ್ ಬರೆದುಕೊಡುವುದು ಮಾಮಾನ ಕಸುಬು. ಗ್ರಾಫ್ ಹಾಳೆಯಲ್ಲಿ ಒಂದು ಚೌಕ ತಪ್ಪಿದರೆ ಸೀರೆಯುದ್ದಕ್ಕೂ ತಪ್ಪು. ಹಾಗಾಗಿ ಎಲ್ಲದಕ್ಕೂ ಮೂರು ಪ್ರಶ್ನೆ: "ಏನ್ ಮಾಡಿದಿ? ಏನ್ ಆಗಬೇಕಿತ್ತು? ಏನಾತು?" ಉತ್ತರ ಕೊಟ್ಟರೂ ಬಿಡುಗಡೆಯಿಲ್ಲ. "ಮತ್ತೊಮ್ಮೆ ಮಾಡಿ ತೋರ್ಸು" ಎಂಬ ಅಪ್ಪಣೆ ಬಾಕಿ ಇರುತ್ತದೆ.

ಒಮ್ಮೆ ಖಾನಾಪುರದ ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ತಾನೇ ಹಾರ್ನ್ ಹೊಡೆಯುತ್ತಿತ್ತು. ಮಾಮಾ ಎದ್ದು ಡ್ರೈವರನ ಹಿಂದೆ ನಿಂತ. "ಸಾಹೇಬ್ರ, ಇನ್ನೊಮ್ಮೆ ಬ್ರೇಕ್ ಹಾಕ್ರಿ, ನೋಡೂಣು."

ಕಂಡಕ್ಟರ್ ಕೇಳಿದ, "ಯಜಮಾನ್ರ, ನಿಮಗ ಊರು ಮುಟ್ಟೂದೈತೋ, ಬಸ್ಸಿನ ಪರೀಕ್ಷಾ ತಗೊಳ್ಳೂದೈತೋ?"

ಇನ್ನೊಮ್ಮೆ ಊಟದ ಪಂಕ್ತಿಯಲ್ಲಿ ಹೋಳಿಗೆಯೊಳಗೆ ಹರಳು ಸಿಕ್ಕಿತು. ಬೇರೆಯವರಾಗಿದ್ದರೆ ಉಗುಳಿ ಸುಮ್ಮನಾಗುತ್ತಿದ್ದರು. ಮಾಮಾ ಖಾತ್ರಿ ಮಾಡಿಕೊಳ್ಳಲು ಅದೇ ತಟ್ಟೆಯಿಂದ ಮತ್ತೊಂದು ತಿಂದ, ಮಗದೊಂದು ತಿಂದ. ಹರಳು ಮತ್ತೆ ಸಿಗಲಿಲ್ಲ, ಹೋಳಿಗೆ ಮುಗಿದವು.

ಇಂಥ ಮಾಮಾನ ಒಬ್ಬಳೇ ಮಗಳಿಗೆ ಖಾನಾಪುರದಲ್ಲಿ ಗಂಡು ಗೊತ್ತಾಯಿತು. ಅವಳ ಧಾರೆ ಸೀರೆಯ ಅಂಚನ್ನು ತಾನೇ ಬರೆಯಬೇಕು, ಅದೂ ಹೊಸದಾಗಿ ಕೊಂಡ ಕಂಪ್ಯೂಟರಿನಲ್ಲಿ! ಪತ್ರಿಕೆಯೊಂದರ ಜೊತೆ ಕೊಟ್ಟ ಸಿ.ಡಿ.ಯಲ್ಲಿ ಡಿಸೈನ್ ಬರೆಯುವ ಪ್ರೋಗ್ರಾಮೊಂದು ಪುಕ್ಕಟೆಯಾಗಿ ಬಂದಿತ್ತು. ಮಾಮಾ ಸಾಲಾಗಿ ಗಿಳಿಗಳನ್ನು ಕೂರಿಸಿದ. ಉಳಿಸಿಟ್ಟು ಮತ್ತೆ ತೆರೆದರೆ ಕೊನೆಯ ಗಿಳಿಗೆ ಕೊಕ್ಕೇ ಇಲ್ಲ. ತಿದ್ದಿದರೂ ಅಷ್ಟೇ. ಇತ್ತ ಮಗ್ಗದವನ ತಗಾದೆ: "ಈ ವಾರ ಡಿಸೈನ್ ಕೊಡ್ಲಿಲ್ಲಂದ್ರ ಸೀರಿ ಮದುವಿಗೆ ಆಗೂದಿಲ್ರಿ."

ತಪ್ಪು ಕಂಡರೆ ತಿಳಿಸಿ ಎಂದು ಪ್ರೋಗ್ರಾಮಿನಲ್ಲೇ ಅದನ್ನು ಬರೆದವನ ಇ-ಮೇಲ್ ವಿಳಾಸವಿತ್ತು.

"ಪುಕ್ಕಟೆ ತಗೊಂಡಿದ್ದಕ್ಕ ತಕರಾರು ಬ್ಯಾರೆ," ಎಂದಳು ಮಾಮಿ.

"ಪುಕ್ಕಟೆ ಕೊಟ್ಟವಗ ಕೊಡಾಕ ನಮ್ಮ ಕಡೆ ಮತ್ತೇನೈತಿ? ಖರೇ ತಪ್ಪನ್ನರ ಹೇಳೂಣು."

ಆ ಹೊಣೆ ನನಗೆ ಬಿತ್ತು. ನಾನೋ ಊರಲ್ಲಿ ಕಂಡವರನ್ನೆಲ್ಲ ಅಣಕಿಸುವವನು. ಸೈಬರ್ ಕೆಫೆಯಲ್ಲಿ ಕೂತು, ಸದಾಶಿವನಗರದ ಸಿಟ್ಟಿನ ವಕೀಲರೊಬ್ಬರನ್ನು ಮೈಮೇಲೆ ತಂದುಕೊಂಡು ಇಂಗ್ಲಿಷಿನಲ್ಲಿ ಗುಡುಗಿದೆ: "ನಿಮ್ಮ ಪ್ರೋಗ್ರಾಮು ಯಾವ ಕೆಲಸಕ್ಕೂ ಬಾರದು. ಮದುವೆ ಹತ್ತಿರವಿದೆ. ಕೂಡಲೇ ಸರಿಪಡಿಸತಕ್ಕದ್ದು."

ಮರುದಿನ ಉತ್ತರ ಬಂತು. "ನಿಮ್ಮ ಮದುವೆಗೆ ಶುಭಾಶಯಗಳು. ನೀವು ಏನು ಮಾಡಿದಿರಿ? ಏನಾಗಬೇಕಿತ್ತು? ಏನಾಯಿತು?"

ಮಾಮಾನಿಗೆ ಓದಿ ಹೇಳಿದೆ. ಎಲ್ಲೋ ಕಳೆದುಹೋಗಿದ್ದ ಅಣ್ಣನ ಸುದ್ದಿ ಬಂದಂತಾಯಿತು ಆತನಿಗೆ. "ನೋಡಿದ್ಯಾ? ಅಲ್ಲೂ ಒಬ್ಬ ಮನಷ್ಯಾ ಅದಾನ!"

ಆಮೇಲೆ ತಾನೇ ಕೂತು ಒಂಟಿ ಗಿಳಿ ಬರೆದ. ಬರೀ ಉಳಿಸಿದರೆ ಕೊಕ್ಕು ಇರುತ್ತದೆ. ಸಾಲಿನ ಕೊನೆಯದರ ಹಾಗೆ, ಎಡಕ್ಕೆ ಮುಖ ಮಾಡಿದ ಗಿಳಿಯನ್ನು ಬಲಕ್ಕೆ ತಿರುಗಿಸಿ ಉಳಿಸಿದರೆ ಮಾತ್ರ ಹೋಗುತ್ತದೆ. ಬೇರೆ ಗಿಳಿ ಬರೆದರೂ ಹಾಗೇ. ಇಷ್ಟನ್ನೂ ನನ್ನಿಂದ ಬರೆಸಿದ. ಕೊನೆಗೆ ಚಟಕ್ಕೆ ನಾನು "ಇದು ಬಹಳ ಕೆಟ್ಟ ಪ್ರೋಗ್ರಾಮು" ಎಂದು ಸೇರಿಸಿದೆ.

"ಅದನ್ನ ಅಳಸು. ಕೆಟ್ಟದ್ದಂದ್ರ ಅಂವಾ ಏನ್ ರಿಪೇರಿ ಮಾಡಬೇಕು? ಕೊಕ್ಕು ಹೋತು ಅಂತ ಬರಿ, ಕೊಕ್ಕು ಹುಡುಕ್ತಾನ."

ಹುಡುಕಿಯೇ ಬಿಟ್ಟ. ವಾರ ಮುಗಿಯುವ ಮೊದಲೇ ತಿದ್ದಿದ ಪ್ರೋಗ್ರಾಮು ಬಂತು, ಜೊತೆಗೆ ಒಂದು ಸಾಲು: "ನಿಮ್ಮ ಗಿಳಿ ಇನ್ನು ಕಾಳು ತಿನ್ನಬಹುದು." ಆ ಸಾಲನ್ನು ಮಾಮಾ ಮಗ್ಗದವನಿಗೂ ಹೇಳಿದ, ಹಾಲಿನವನಿಗೂ ಹೇಳಿದ.

ಮದುವೆಯಾಯಿತು. ಗಿಳಿಯಂಚಿನ ಸೀರೆಯುಟ್ಟ ಮಗಳನ್ನು ಖಾನಾಪುರದಲ್ಲಿ ಬಿಟ್ಟು ಬೆಳಗಾವಿಯ ಬಸ್ಸು ಹತ್ತಿದೆವು. ಬಸ್ಸು ಕುಂಯ್‌ಗುಟ್ಟಿತು, ಬಾಗಿಲು ತಾನಾಗಿ ಬಡಿದುಕೊಂಡಿತು. ಮಾಮಾ ಈ ಸಲ ಎದ್ದು ಡ್ರೈವರನ ಹತ್ತಿರ ಹೋಗಲಿಲ್ಲ. ಕಿಟಕಿಯತ್ತ ತಿರುಗಿ ಕೂತಿದ್ದ, ಹೆಗಲು ಅಲುಗುತ್ತಿತ್ತು. ಖಾನಾಪುರವೇನು ಸಮುದ್ರದಾಚೆ ಇದೆಯೇ? ನಗಿಸೋಣವೆಂದು ಆತನದೇ ದನಿ ತೆಗೆದೆ: "ಏನ್ ಮಾಡಿದಿ? ಏನ್ ಆಗಬೇಕಿತ್ತು? ಏನಾತು?"

ಮಾಮಾ ತಿರುಗದೆಯೇ ವರದಿ ಒಪ್ಪಿಸಿದ. "ಮಗಳನ್ನ ಕೊಟ್ಟು ಬಂದೆ. ಸಂತೋಷ ಆಗಬೇಕಿತ್ತು. ಅಳು ಬಂತು."

ನಾಲಿಗೆ ನಿಲ್ಲಬೇಕಲ್ಲ? "ಹಂಗಾದ್ರ ಮತ್ತೊಮ್ಮೆ ಮಾಡಿ ತೋರ್ಸು," ಎಂದುಬಿಟ್ಟೆ.

"ಹೆಂಗ್ ತೋರ್ಸ್ಲೋ ತಮ್ಮಾ? ಇದ್ದಾಕಿ ಒಬ್ಬಾಕಿ."