ನೂರು ಪೆಸೊದ ಬಿಲ್ಲೆಯನ್ನು ಎರಡು ಸಲ ಕುಟ್ಟಿದ ಅಪರಾಧಕ್ಕಾಗಿ

ಕಡಲ ತಡೆಗೋಡೆಗಳ ನಿರ್ಮಾತೃಗಳೂ, ನಮ್ಮ ಕ್ಯಾಸಿನೊದ ಚಿನ್ನದ ಕಾರ್ಡಿನ ಸದಸ್ಯರೂ, ಕಳೆದ ಮಂಗಳವಾರ ಮಧ್ಯಾಹ್ನ ಏಳನೆಯ ಮೇಜಿನಲ್ಲಿ ಅರವತ್ತೆರಡು ಲಕ್ಷ ಪೆಸೊ ಗೆದ್ದ ಭಾಗ್ಯವಂತರೂ ಆದ ಇಂಜಿನಿಯರ್ ಪ್ರುಡೆನ್ಸಿಯೊ ಕಟಿಗ್ಬಾಕ್ ಅವರಿಗೆ,

ಮಾನ್ಯರೇ,

ತಮಗೂ, ತಮ್ಮ ಕುಟುಂಬಕ್ಕೂ, ಅಂದು ತಾವು ಅದೃಷ್ಟಕ್ಕೆಂದು ತೊಟ್ಟು ಬಂದಿದ್ದ ಕೆಂಪು ಕಾಲುಚೀಲಗಳಿಗೂ ನನ್ನ ಅನಂತ ನಮಸ್ಕಾರಗಳು. ನಾನು ಎಡಿತಾ ಮಕರಾಯೆಗ್, ಅಂದು ತಮಗೆ ಇಸ್ಪೀಟಿನ ಎಲೆ ಹಂಚಿದ ಡೀಲರ್. ಮನಿಲಾ ಕೊಲ್ಲಿಯ ದಡದ ಈ ಕ್ಯಾಸಿನೊದಲ್ಲಿ ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳು. ನನ್ನಿಂದ ತಮ್ಮ ಮಾನಕ್ಕೆ ಕುಂದಾಯಿತೆಂದು ತಾವು ದೂರು ಕೊಟ್ಟಿರುವುದರಿಂದ ಆಡಳಿತದವರು ನನ್ನನ್ನು ಮನೆಗೆ ಕಳಿಸಿದ್ದಾರೆ. ಈ ಶುಕ್ರವಾರ ಸಂಜೆ ಐದರೊಳಗೆ ಲಿಖಿತ ಕ್ಷಮಾಪಣೆ ತಲುಪದಿದ್ದರೆ ಮತ್ತೆ ಬರುವ ಶ್ರಮ ಬೇಡವೆಂದೂ ತಿಳಿಸಿದ್ದಾರೆ. ಮಾನ ಹೋದದ್ದು ಎಲ್ಲರೆದುರು ಎಂದು ತಾವೇ ಬರೆದಿರುವಾಗ ಕ್ಷಮೆಯೂ ಎಲ್ಲರೆದುರೇ ಇರಲೆಂದು, ಈ ಪತ್ರದ ಒಂದು ಪ್ರತಿಯನ್ನು ಸಿಬ್ಬಂದಿಯ ಊಟದ ಮನೆಯ ಗೋಡೆಗೆ ಅಂಟಿಸುತ್ತಿದ್ದೇನೆ. ಶುಕ್ರವಾರ ಅಲ್ಲಿ ಹೆಸರುಕಾಳಿನ ಸಾರು ಮಾಡುತ್ತಾರೆ, ಓದುಗರಿಗೆ ಬರವಿರುವುದಿಲ್ಲ.

ಮೊದಲು ತಮ್ಮ ಉಪಕಾರಗಳನ್ನು ಸ್ಮರಿಸಬೇಕು. ನಮ್ಮಲ್ಲಿ ಒಂದು ಗಂಟೆ ಎಲೆ ಹಂಚಿದ ಡೀಲರಿಗೆ ಇಪ್ಪತ್ತು ನಿಮಿಷ ಬಿಡುವು ಕೊಡುವ ಒಂದು ಹಳೆಯ ದುರಭ್ಯಾಸವಿದೆ. ಅಂದು ತಾವು ಗೆಲ್ಲತೊಡಗಿದ್ದೇ ತಡ, ನನ್ನನ್ನು ಬಿಡಿಸಲು ಬಂದ ಹುಡುಗಿಯನ್ನು ಕೈಬೀಸಿ ಓಡಿಸಿ, ಮೇಲ್ವಿಚಾರಕ ರೊಡೆಲ್‌ಗೆ "ಈ ಅಕ್ಕನ್ನ ಕಳಿಸಿದ್ರೆ ನನ್ನ ಲಕ್ಕೂ ಅವಳ ಹಿಂದೇನೇ ಹೋಗತ್ತೆ ಕಣಯ್ಯಾ, ಅಲ್ಲಾಡಿಸ್ಬೇಡ!" ಎಂದು ಅಪ್ಪಣೆ ಕೊಡಿಸಿದಿರಿ. ಚಿನ್ನದ ಕಾರ್ಡಿನ ಮಾತನ್ನು ಮೀರುವವರುಂಟೇ? ನಾನು ಮೂರೂವರೆ ಗಂಟೆ ನಿಂತಲ್ಲೇ ನಿಂತೆ. ನೀರು ಕುಡಿದರೆ ಮುಂದಿನ ಕಷ್ಟವಿದೆಯೆಂದು ನೀರನ್ನೂ ಕುಡಿಯಲಿಲ್ಲ. ನನ್ನ ಬಲಮೊಣಕಾಲು ನಡುಗುವುದನ್ನು ಕಂಡು ಕರಗಿದ ತಾವು "ಗೆಲ್ಲೋವರ್ಗೂ ತಡಿ ಅಕ್ಕಾ, ಹೊಸಾ ಮೊಣಕಾಲೇ ಹಾಕಿಸ್ಕೊಡ್ತೀನಿ! ಎಲ್ಲಾರ್ಗೂ ಬಲಾತೊ!" ಎಂದು ಸಭಾಂಗಣವೇ ಕೇಳುವಂತೆ ಘೋಷಿಸಿದಿರಿ.

ಬಲಾತೊ ಎಂದರೆ ಏನೆಂದು ನಾನು ತಮಗೆ ಹೇಳಿಕೊಡುವುದು ಅಧಿಕಪ್ರಸಂಗವಾದೀತು. ಗೆದ್ದವನು ಗೆಲುವಿನ ಒಂದು ಚೂರನ್ನು ಸುತ್ತ ನಿಂತವರಿಗೆಲ್ಲ ಹಂಚಿ ಮನೆಗೆ ಹೋಗಬೇಕೆನ್ನುವುದು ಕೋಳಿ ಅಂಕದಲ್ಲಿ ಎಂಟುನೂರು ಪೆಸೊ ಗೆದ್ದ ಸೈಕಲ್ ರಿಕ್ಷಾದವನಿಗೂ ಗೊತ್ತು. ಹಂಚದೆ ಹೋದರೆ ಅದೃಷ್ಟ ಮರಳಿ ಬರುವುದಿಲ್ಲವೆಂದು ಹೆದರಿಯಾದರೂ ಅವನು ಕೊಡುತ್ತಾನೆ. ತಾವು ಅಂಥ ಮೂಢನಂಬಿಕೆಗಳನ್ನು ಮೀರಿದವರು. ಕೆಂಪು ಕಾಲುಚೀಲದ ಮಾತು ಬೇರೆ.

ಕೊನೆಯ ಎಲೆಯನ್ನು ತಾವು ಮೂಲೆಯಿಂದ ಇಷ್ಟಿಷ್ಟೇ ಬಗ್ಗಿಸಿ, ಬಿಸಿ ಗಂಜಿಗೆ ಊದುವಂತೆ ಊದಿ ಊದಿ ಎಲ್ಲವನ್ನೂ ಗೆಲ್ಲುವ ಒಂಬತ್ತನ್ನು ಹೊರತೆಗೆದಾಗ ಕೂಗಿದವರಲ್ಲಿ ನಾನೂ ಒಬ್ಬಳು ಎನ್ನುವುದನ್ನು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ತಮ್ಮ ಕುರ್ಚಿಯ ಹಿಂದೆ ಜಪಮಾಲೆ ಹಿಡಿದು ಅಷ್ಟೂ ಹೊತ್ತು ತಮಗಾಗಿ ಪ್ರಾರ್ಥಿಸಿದ ಇಸಿಂಗಜ್ಜಿ, ತನ್ನ ಬಸ್ಸಿನ ಕಾಸನ್ನೂ ಅಂದು ಬೆಳಿಗ್ಗೆಯೇ ಜೂಜಿನ ಯಂತ್ರಕ್ಕೆ ಹಾಕಿ ಕೂತಿದ್ದವಳು, ತಮ್ಮ ತೋಳಿಗೆ ಮುತ್ತಿಟ್ಟಳು. ಆಗ ತಾವು ತೋರಿದ ಔದಾರ್ಯ! ಕ್ಯಾಸಿನೊದವರೇ ಪುಕ್ಕಟೆ ಕೊಟ್ಟಿದ್ದ, ತಾವು ಅರ್ಧ ಕುಡಿದಿಟ್ಟಿದ್ದ ನೀರಿನ ಬಾಟಲಿಯನ್ನು ತಮ್ಮ ಕೈಯಾರೆ ಆ ಮುದುಕಿಯ ಕೈಗಿತ್ತಿರಿ. ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂದು ತಮ್ಮನ್ನು ಯಾರಾದರೂ ಅಂದರೆ ನಾನೇ ಸಾಕ್ಷಿ ಹೇಳುತ್ತೇನೆ, ತಾವು ಎಂಜಲನ್ನೇ ದಾನ ಮಾಡಿದವರು.

ಆಮೇಲೆ ನನ್ನ ಸರದಿ. ತಮ್ಮ ಮುಂದಿದ್ದ ಬಿಲ್ಲೆಗಳ ಗುಡ್ಡವನ್ನು ಬಹಳ ಹೊತ್ತು ಕೆದಕಿ, ಸಾಕಷ್ಟು ಚಿಕ್ಕದು ಸಿಗದೆ, ಕೊನೆಗೆ ಐನೂರರ ಒಂದು ಬಿಲ್ಲೆಯನ್ನು ನನ್ನತ್ತ ತಳ್ಳಿದಿರಿ. ನಾನು ಅದಕ್ಕೆ ಕೈಚಾಚುವಷ್ಟರಲ್ಲಿ "ಅಲ್ಲ ಅಕ್ಕಾ, ಅದನ್ನ ಒಸಿ ಚಿಲ್ರೆ ಮಾಡಿಕೊಡಿ" ಎಂದಿರಿ. ನಾನು ನೂರರ ಐದು ಬಿಲ್ಲೆಗಳನ್ನು ಜೋಡಿಸಿಟ್ಟೆ. ತಾವು ನಾಲ್ಕನ್ನು ಹಿಂದಕ್ಕೆಳೆದುಕೊಂಡು ಒಂದನ್ನು ಬಿಟ್ಟಿರಿ. ಜೊತೆಗೆ "ಈ ಜೂಜು ಗೀಜು ಒಳ್ಳೇದಲ್ಲ ಅಕ್ಕಾ, ಕಷ್ಟಪಟ್ಟು ದುಡಿದದ್ದೇ ಕೈಹಿಡಿಯೋದು" ಎಂಬ ಉಪದೇಶವನ್ನೂ ದಯಪಾಲಿಸಿದಿರಿ. ಅದು ಮಾತ್ರ ಇಡಿಯಾಗಿ ಸಿಕ್ಕಿತು.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಭಕ್ಷೀಸು ಎಷ್ಟೇ ಇರಲಿ, ಡೀಲರಾದವಳು ಅದನ್ನು ಎತ್ತಿ ತೋರಿಸಿ, ಮೇಜಿನ ಅಂಚಿಗೆ ಎರಡು ಸಲ ಕುಟ್ಟಿ, ಧನ್ಯವಾದ ಹೇಳಿ, ಬೀಗ ಹಾಕಿದ ಪೆಟ್ಟಿಗೆಗೆ ಬಿಡಬೇಕು. ಕುಟ್ಟುವುದು ಮೇಲ್ವಿಚಾರಕರಿಗೆ ಕೇಳಿಸಲೆಂದು. ನಾವು ಕದಿಯುತ್ತಿಲ್ಲವೆಂದು ರುಜುವಾತಾಗಲೆಂದು. ಇದೇ ಕಾರಣಕ್ಕೆ ನಮ್ಮ ಅಂಗಿಗೆ ಜೇಬೇ ಇಲ್ಲ. ಮೇಜು ಬಿಡುವಾಗ ಒಮ್ಮೆ ಚಪ್ಪಾಳೆ ತಟ್ಟಿ ಎರಡೂ ಅಂಗೈ ಕ್ಯಾಮೆರಾಕ್ಕೆ ತೋರಿಸುತ್ತೇವೆ. ಹತ್ತೊಂಬತ್ತು ವರ್ಷ ಕುಟ್ಟಿದಂತೆಯೇ ಅಂದೂ ಕುಟ್ಟಿದೆ. ದುರದೃಷ್ಟಕ್ಕೆ, ತಾವು ಏನು ಕೊಡುವಿರೆಂದು ನೋಡಲು ಸುತ್ತಲಿನ ಅರವತ್ತು ಜನ ಉಸಿರು ಬಿಗಿಹಿಡಿದಿದ್ದರು. ಟಕ್, ಟಕ್. ಇಸಿಂಗಜ್ಜಿ ಎದೆಯ ಮೇಲೆ ಶಿಲುಬೆ ಗೀರಿಕೊಂಡು "ಅಯ್ಯೋ, ಚರ್ಚಲ್ಲಿ ಸಾವಿನ ಗಂಟೆ ಹೊಡೀತಲ್ಲಾ! ಯಾರು ಹೋದ್ರಪ್ಪಾ, ನಮ್ಮ ಬಲಾತೊನಾ?" ಎಂದಳು. ಜನ ಬಿದ್ದು ಬಿದ್ದು ನಕ್ಕರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಬೇಕೆಂದೇ ಜೋರಾಗಿ ಕುಟ್ಟಿ ಅವಮಾನ ಮಾಡಿದೆನೆಂದು ತಾವು ಬರೆದಿರಿ. ಆಡಳಿತದವರು ನಾಲ್ಕು ಕ್ಯಾಮೆರಾಗಳ ಚಿತ್ರ ನೋಡಿದರು. ಎಲ್ಲದರಲ್ಲೂ ಕೈ ಬೆರಳೆತ್ತರ ಎದ್ದು ಬೆರಳೆತ್ತರ ಇಳಿದಿದೆ. ಆದರೆ ಕ್ಯಾಮೆರಾಗಳಿಗೆ ಕಿವಿಯಿಲ್ಲವಾದ್ದರಿಂದ, ಸದ್ದಿನ ವಿಷಯದಲ್ಲಿ ಚಿನ್ನದ ಕಾರ್ಡಿನ ಕಿವಿಯೇ ಪ್ರಮಾಣವಾಯಿತು.

ಇಂಥ ಆಘಾತ ತಮಗೆ ಮತ್ತೆ ಆಗದಂತೆ ಕೆಲವು ವಿನಂತಿಗಳಿವೆ. ತಮ್ಮ ಉಪಯೋಗಕ್ಕೆಂದೇ ರಬ್ಬರಿನ ಬಿಲ್ಲೆಗಳನ್ನು ಮಾಡಿಸುವಂತೆ ಆಡಳಿತಕ್ಕೆ ಆಜ್ಞಾಪಿಸಬೇಕು. ತಾವು ಭಕ್ಷೀಸು ಕೊಡುವ ಪುಣ್ಯಗಳಿಗೆಯಲ್ಲಿ ಡೋಲು ಬಾರಿಸಲು ನಾಲ್ಕು ಜನರನ್ನು ಮೇಜಿನ ಬಳಿ ಸಿದ್ಧವಾಗಿಡಬೇಕು. ಅದೂ ಸಾಲದಿದ್ದರೆ, ಸಮುದ್ರಕ್ಕೇ ಗೋಡೆ ಹಾಕುವ ತಾವು ಏಳನೆಯ ಮೇಜಿನ ಸುತ್ತಲೂ ಒಂದು ಆಳೆತ್ತರದ ಗೋಡೆ ಕಟ್ಟಿಸಿಕೊಟ್ಟರೆ ತಮ್ಮ ದಾನವನ್ನು ದೇವರೂ ಕಾಣಲಾರ. ಗುಪ್ತದಾನದ ಫಲ ಹೆಚ್ಚಂತೆ. ಮತ್ತು ನನ್ನ ಹೊಸ ಮೊಣಕಾಲನ್ನು ದಯವಿಟ್ಟು ಕಳಿಸಬೇಡಿ, ಹಳೆಯದು ಇನ್ನೂ ನಿಲ್ಲುತ್ತದೆ.

ರೊಡೆಲ್ ಒಳ್ಳೆಯವನು. ನಿನ್ನೆ ಮನೆಗೆ ಬಂದು "ಅಕ್ಕಾ, ಕೈ ತಪ್ಪಿ ಜೋರಾಯ್ತು ಅಂತ ಎರಡು ಸಾಲು ಗೀಚಿಬಿಡಿ, ನಿಮ್ಮ ಗಂಟೇನು ಹೋಗತ್ತೆ?" ಎಂದು ಗೋಗರೆದ. ಮಾನ್ಯರೇ, ಏನೂ ಕೊಡದೆ ಎದ್ದುಹೋದ ಸಾವಿರಾರು ಜನರಿಗೆ ನಾನು ನಗುತ್ತ ತಲೆಬಾಗಿದ್ದೇನೆ, ಒಬ್ಬರ ಮೇಲೂ ಮುನಿಸಿಟ್ಟವಳಲ್ಲ. ನೂರು ಪೆಸೊಗೂ ಮುನಿಯುತ್ತಿರಲಿಲ್ಲ. ಆದರೆ ಡೀಲರಿಗೆ ಇರುವುದು ಕೈಯೊಂದೇ. ಆ ಕೈ ತಪ್ಪಿತೆಂದು ನಾನೇ ಬರೆದುಕೊಟ್ಟ ಮೇಲೆ, ಅದು ಹಂಚಿದ ಎಲೆಯನ್ನು ಯಾರು ನಂಬಬೇಕು, ನಾನಾದರೂ ಯಾವ ಮುಖದಿಂದ ಅಂಗೈ ತೋರಿಸಬೇಕು? ಆದ್ದರಿಂದ ಕ್ಷಮೆ ಕೇಳುತ್ತಿಲ್ಲ. ಜೇಬಿಲ್ಲದ ಮೂರು ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ಶುಕ್ರವಾರ ಐದಕ್ಕೆ ಈ ಪತ್ರದೊಂದಿಗೆ ಅವನ್ನೂ ಒಪ್ಪಿಸಿ, ಬಾಗಿಲಲ್ಲಿ ಒಂದು ಚಪ್ಪಾಳೆ ತಟ್ಟಿ, ಎರಡೂ ಅಂಗೈ ಮೇಲೆ ಕೆಳಗೆ ತೋರಿಸಿ ಹೊರಡುತ್ತೇನೆ.

ಅರವತ್ತೆರಡು ಲಕ್ಷದ ತಮ್ಮ ಗೆಲುವಿನಲ್ಲಿ ಮೂರೂವರೆ ಗಂಟೆ ಅಲ್ಲಾಡದೆ ನಿಂತ ತಮ್ಮ ವಿಶ್ವಾಸಿ,

ಎಡಿತಾ ಮಕರಾಯೆಗ್

ತಾ.ಕ.: ಪೆಟ್ಟಿಗೆಗೆ ಬಿದ್ದ ಭಕ್ಷೀಸು ಕಸ ಗುಡಿಸುವವರವರೆಗೆ ನಾನೂರು ಜನರಿಗೆ ಸಮನಾಗಿ ಹಂಚಿಕೆಯಾಗುತ್ತದೆ. ತಮ್ಮ ಬಿಲ್ಲೆಯಲ್ಲಿ ನನ್ನ ಪಾಲು ಇಪ್ಪತ್ತೈದು ಸೆಂಟಿಮೊ, ಎಂದರೆ ಕಾಲು ಪೆಸೊ. ಆ ನಾಣ್ಯವನ್ನು ಈ ಹಾಳೆಯ ಅಡಿಯಲ್ಲಿ ಅಂಟಿಸಿದ್ದೇನೆ. ಇದು ನನ್ನ ಕಡೆಯ ಬಲಾತೊ, ಸ್ವೀಕರಿಸಬೇಕು. ಕಿತ್ತುಕೊಂಡ ಮೇಲೆ ಮೇಜಿನ ಅಂಚಿಗೆ ಎರಡು ಸಲ ಕುಟ್ಟುವ ಅಗತ್ಯವಿಲ್ಲ. ತಮ್ಮ ಅಂಗಿಗೆ ಜೇಬಿದೆ.