ನನ್ನ ಟೊಮೆಟೊ ಗಿಡಗಳ ಬಾಗಿಲು ಬಾಗಿಲಿಗೂ ಹೋಗಿಬಂದ ವೈರಸ್ ಮಹಾಶಯರಿಗೆ

ಮಾನ್ಯರೇ,

ಹೊಗೆಸೊಪ್ಪಿನ ವೈರಸ್ ವಂಶದ ಕುಲದೀಪಕರೂ, ಕಣ್ಣಿಗೆ ಬೀಳದೆಯೇ ಎಲೆಯೆಲೆಯ ಮೇಲೂ ಹಳದಿ ರುಜು ಹಾಕಬಲ್ಲವರೂ ಆದ ತಮಗೆ, ನಾಗಾವಳಿ ಹೊಳೆ ದಂಡೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಲೋಲುಗು ಸನ್ಯಾಸಿರಾವ್ ಮಾಡುವ ನಮಸ್ಕಾರಗಳು. ಇಲ್ಲಿ ಟೊಮೆಟೊ ಗಿಡಗಳ ಹೊರತು ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲ, ಹಿತ್ತಲಿಗೆ ಹೋದರೆ ಕಾಣುತ್ತದೆ.

ಮೊದಲಿಗೆ ತಮ್ಮ ಕಾರ್ಯದಕ್ಷತೆಗೆ ಅಭಿನಂದನೆ. ಮೂವತ್ತೆಂಟು ವರ್ಷ ಅಂಚೆ ಹಂಚಿಸಿದ ನಾನು ಇಂಥ ಬಟವಾಡೆಯನ್ನು ಕಂಡಿಲ್ಲ. ಎಲೆಯ ಒಂದು ಜೀವಕೋಶಕ್ಕೂ ಪಕ್ಕದ ಜೀವಕೋಶಕ್ಕೂ ನಡುವೆ ಇರುವ ಕಿಂಡಿ ತಮ್ಮ ಗಾತ್ರಕ್ಕೆ ಸಾಲದೆಂದು, ಅದನ್ನು ಹಿಗ್ಗಿಸಲೆಂದೇ ತಾವು ಒಬ್ಬ ಬಂಟನನ್ನು ತಯಾರಿಸಿಕೊಳ್ಳುತ್ತೀರಂತೆ. ಮೈಮೇಲಿನ ಅಂಗಿಯನ್ನು ಕಳಚಿಟ್ಟು, ಅವನ ಹೆಗಲೇರಿ, ನಾಚಿಕೆಯಿಲ್ಲದೆ ಪಕ್ಕದ ಮನೆಗೆ ನುಗ್ಗಿ, ಅಲ್ಲಿ ಸಂಸಾರ ಬೆಳೆಸಿ, ಮತ್ತೆ ಅದರ ಪಕ್ಕದ ಮನೆಗೆ ಹೊರಡುತ್ತೀರಂತೆ. ಗಿಡವು ಕಿಂಡಿಗೆ ಗಾರೆ ಮೆತ್ತಿ ಮುಚ್ಚಹೋದರೆ ಬಂಟ ಅದನ್ನೂ ಬಿಡಿಸುತ್ತಾನಂತೆ. ಇದನ್ನೆಲ್ಲ ನನಗೆ ತಿಳಿಸಿದವರು ತೋಟಗಾರಿಕೆಯ ಆಫೀಸರ್ ಹೇಮಸುಂದರಿ ಮೇಡಂ. ಅವರು ಹೇಳುವುದಕ್ಕೆ ಒಂದು ತಿಂಗಳು ಮೊದಲೇ ನಾನು ಬುದ್ಧಿವಂತಿಕೆ ತೋರಿಸಿಬಿಟ್ಟಿದ್ದೆ ಎಂಬುದೇ ನನ್ನ ದೂರಿನ ಸಾರಾಂಶ.

ಎಲೆಗಳು ಮುರುಟಿ ಹಳದಿ ತೇಪೆ ಬಿದ್ದ ದಿನ, ಇದು ಪಕ್ಕದ ಮನೆಯ ಎರ್ರಯ್ಯನದೇ ಕೆಲಸ, ಬೇಲಿಯಾಚೆಯಿಂದ ಏನೋ ಚಿಮುಕಿಸಿದ್ದಾನೆ ಎಂದು ನಾನು ತೀರ್ಮಾನಿಸಿದೆ. ನಲವತ್ತು ವರ್ಷ ಬೆಳಿಗ್ಗೆ ಆರಕ್ಕೆ ಅವನ ಜಗಲಿಯಲ್ಲಿ ಕೂತು ಚಹಾ ಕುಡಿದವನು, ಅವನಿಗೆ ಮುಖ ತಿರುಗಿಸಿ, ಎರಡು ಹಿತ್ತಲಿನ ನಡುವೆ ಆಳೆತ್ತರದ ತಾಳೆಗರಿ ತಡಿಕೆ ಕಟ್ಟಿಸಿದೆ. ಕಟ್ಟುವಾಗ ಅವನು ಆಚೆಯಿಂದ ಕೂಗಿದ್ದು ಇಷ್ಟೇ: "ಬಾವಾ, ನಿಂಗೇನಾಯ್ತೋ? ಚಹಾ ಆರ್ತಾ ಇದೆ, ಬಾರೋ!" ನಾನು ಹೋಗಲಿಲ್ಲ.

ಕೊನೆಗೆ ಮೇಡಂ ಬಂದು, ಎಲೆ ನೋಡಿ, ಮನೆಯಲ್ಲಿ ಹೊಗೆಸೊಪ್ಪು ಮುಟ್ಟುವವರು ಯಾರು ಎಂದು ಕೇಳಿದರು. ನಮ್ಮಮ್ಮ ಪೈಡಮ್ಮ, ಎಂಬತ್ತೊಂದು ವರ್ಷ, ನಮ್ಮ ಕಡೆಯ ಹೆಂಗಸರ ಪದ್ಧತಿಯಂತೆ ಹೊಗೆಸೊಪ್ಪು ಸುತ್ತಿದ ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟುಕೊಂಡು ಸೇದುತ್ತ ಕೂತಿದ್ದಳು. ಎಲ್ಲರೂ ತನ್ನತ್ತ ನೋಡಿದ್ದೇ ತಡ, ಚುಟ್ಟ ತೆಗೆದು ರೇಗಿದಳು: "ಅರವತ್ತು ವರ್ಷದಿಂದ ಬಾಯಲ್ಲಿ ಬೆಂಕಿ ಇಟ್ಕೊಂಡಿದೀನಿ ಕಣಮ್ಮ! ಅಲ್ಲಿ ಯಾವ ರೋಗ ಬದುಕತ್ತೆ?"

ಮೇಡಂ ನಕ್ಕು, "ಸುಟ್ಟಿದ್ದರಲ್ಲಿ ಬದುಕಲ್ಲ ಅಜ್ಜಿ. ಆದ್ರೆ ಒಣ ಎಲೇಲಿ ವರ್ಷಗಟ್ಟಲೆ ಕೂತಿರತ್ತೆ, ಸುತ್ತಿದ ಕೈಗೆ ಅಂಟ್ಕೊಳತ್ತೆ. ಚುಟ್ಟ ಸುತ್ತೋರು ಯಾರು?" ಎಂದರು.

"ನಂಗೆ ಕೈ ನಡುಗತ್ತೆ. ದಿನಾ ಬೆಳಿಗ್ಗೆ ಇವನೇ ಸುತ್ತಿಕೊಡ್ತಾನೆ, ಮುತ್ತಿನಂಥ ಮಗ," ಎಂದು ಅಮ್ಮ ನನ್ನನ್ನು ತೋರಿಸಿದಳು. "ಸುತ್ತಿ ಎದ್ದೋನೇ ಸೀದಾ ಗಿಡದ ಚಿಗುರು ಚಿವುಟೋಕೆ ಹೋಗ್ತಾನೆ."

ಅಂದರೆ ಮಹಾಶಯರೇ, ತಮ್ಮನ್ನು ನಿತ್ಯವೂ ಒಂದು ದಿನ ತಪ್ಪದೆ ಗಿಡಗಳಿಗೆ ತಲುಪಿಸಿದ ಅಂಚೆಯವನು ನಾನೇ. ನಿವೃತ್ತಿಯ ನಂತರವೂ ನನ್ನನ್ನು ಪುಕ್ಕಟೆ ದುಡಿಸಿಕೊಂಡಿದ್ದಕ್ಕೆ ನನ್ನ ಆಕ್ಷೇಪಣೆಯಿದೆ.

ಈಗ ನನ್ನ ವಿನಂತಿ. ಕೈಕಾಲು, ಕಣ್ಣು, ತಲೆ ಯಾವುದೂ ಇಲ್ಲದ ತಾವು ಎಷ್ಟೊಂದು ಗೋಡೆಗಳನ್ನು ದಾಟಿದಿರಿ. ಎಲ್ಲ ಇರುವ ನಾನು ಒಂದು ತಾಳೆಗರಿ ತಡಿಕೆ ದಾಟಲಾಗದೆ ಐದು ವಾರದಿಂದ ಈಚೆಯೇ ನಿಂತಿದ್ದೇನೆ. ತಪ್ಪಾಯಿತು ಎನ್ನಲು ಬಾಯಿ ಬರುವುದಿಲ್ಲ, ಒಬ್ಬನೇ ಕುಡಿದರೆ ಚಹಾ ರುಚಿಸುವುದಿಲ್ಲ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಆ ಬಂಟನನ್ನು ಒಂದು ದಿನದ ಮಟ್ಟಿಗೆ ನನಗೆ ಎರವಲು ಕೊಟ್ಟು, ತಡಿಕೆಯಲ್ಲಿ ನಾನು ಹಿಡಿಸುವಷ್ಟು ಕಿಂಡಿ ಮಾಡಿಸಿಕೊಡಬೇಕು. ಅಂಗಿಯನ್ನು ಮಾತ್ರ ನಾನು ಕಳಚುವುದಿಲ್ಲ, ಎರ್ರಯ್ಯನ ಸೊಸೆಯಂದಿರು ಇರುತ್ತಾರೆ.

ಇಂತಿ, ಇಷ್ಟವಿಲ್ಲದಿದ್ದರೂ ತಮ್ಮ ವಾಹನವೂ,
ತಮ್ಮ ವಿಶ್ವಾಸಿಯೂ ಆದ,
ಲೋಲುಗು ಸನ್ಯಾಸಿರಾವ್

ಮರೆತ ಮಾತು: ಎರ್ರಯ್ಯನ ಮೆಣಸಿನ ಗಿಡಗಳಲ್ಲೂ ಈಗ ಹಳದಿ ತೇಪೆ ಕಾಣಿಸಿದೆಯೆಂದು ಅಮ್ಮ ಸುದ್ದಿ ತಂದಿದ್ದಾಳೆ. ತಡಿಕೆ ಕಟ್ಟುವ ಹಿಂದಿನ ದಿನ, ಅವನು ಸಂತೆಗೆ ಹೋದಾಗ, ನಾನು ಅವನ ವಿರುದ್ಧ ಸಾಕ್ಷಿ ಹುಡುಕುತ್ತ ಆ ಗಿಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ್ದು ತಮಗೂ ನನಗೂ ಮಾತ್ರ ಗೊತ್ತು. ಶುಕ್ರವಾರ ಮೇಡಂ ಅವನ ಮನೆಗೆ ಬರುತ್ತಾರಂತೆ, ಗಿಡ ಮುಟ್ಟಿದವರು ಯಾರೆಂದು ಕೇಳಿಯೇ ಕೇಳುತ್ತಾರೆ. ಬಂಟನನ್ನು ಕಳಿಸುವುದು ಬೇಡ. ಗುರುವಾರ ಬೆಳಿಗ್ಗೆ ಆರು ಗಂಟೆಗೆ ತಡಿಕೆಯನ್ನು ನಾನೇ ಕಿತ್ತು, ಸೋಪು ಹಚ್ಚಿ ತೊಳೆದ ಕೈಗಳನ್ನು ಏನನ್ನೂ ಮುಟ್ಟದಂತೆ ಬೆನ್ನ ಹಿಂದೆ ಕಟ್ಟಿಕೊಂಡು, ಅವನ ಜಗಲಿಗೆ ಹೋಗಿ ನಿಲ್ಲುತ್ತೇನೆ. ಚಹಾ ಲೋಟವನ್ನು ಅವನೇ ನನ್ನ ಬಾಯಿಗೆ ಹಿಡಿಯಬೇಕಾಗುತ್ತದೆ, ಹಿಡಿದರೆ.